ಸೈಕಲ್ಲಿಗೂ ದಾರಿ ಇರಲಿ: ರಾಣೆಬೆನ್ನೂರು, ಹಾವೇರಿ, ಬ್ಯಾಡಗಿ ಮಂದಿಗೆ ಐರಣಿಯ ಹಿರಿಯನ ಕಿವಿಮಾತು

ತುಂಗಭದ್ರೆಯ ದಂಡೆಯ ನಮ್ಮ ಐರಣಿಯಂಥ ಊರುಗಳ ಹುಡುಗ-ಹುಡುಗಿಯರು ಓದಿಗೆ, ದುಡಿಮೆಗೆ ರಾಣೆಬೆನ್ನೂರು ಸೇರುತ್ತಾರೆ. ಕೆಲವರು ಹಾವೇರಿ, ಬ್ಯಾಡಗಿಗೆ ಹೋಗುತ್ತಾರೆ. ಮೋಟರ್ ಸೈಕಲ್ಲು ಎಷ್ಟೇ ಹೆಚ್ಚಿರಲಿ, ಈ ಊರುಗಳಲ್ಲಿ ಸೈಕಲ್ಲು ನಂಬಿದವರು ಇನ್ನೂ ಬಹಳ ಮಂದಿ ಇದ್ದಾರೆ: ಮನೆಮನೆಗೆ ಹಾಲು ಹಾಕುವವರು, ನಸುಕಿನಲ್ಲಿ ಪೇಪರ್ ಹಂಚುವ ಹುಡುಗರು, ಗೋದಾಮಿನ ಹಮಾಲರು, ಗೌಂಡಿ ಕೆಲಸದವರು, ಶಾಲೆಯ ಮಕ್ಕಳು. 2011ರ ಜನಗಣತಿಯಲ್ಲಿ, ಹೊಲದ ಕೆಲಸ ಮತ್ತು ಮನೆಯೊಳಗಿನ ಉದ್ಯೋಗ ಬಿಟ್ಟು ಉಳಿದ ದುಡಿಮೆಗಾರರನ್ನು ಎಣಿಸಿದಾಗ, ದೇಶದಲ್ಲಿ ನೂರಕ್ಕೆ ಸುಮಾರು 13 ಮಂದಿ ಸೈಕಲ್ ಮೇಲೆ ಕೆಲಸಕ್ಕೆ ಹೋಗುತ್ತಿದ್ದರು. ಇಷ್ಟು ಮಂದಿಯನ್ನು ಮರೆತು ರಸ್ತೆ ಕಟ್ಟುತ್ತಿದ್ದೇವೆ.

ಮನೆಯಿಂದ ಹೊರಡುವ ಮಗುವಿಗೆ “ಹುಷಾರಾಗಿ ಹೋಗು” ಅಂದುಬಿಟ್ಟರೆ ನಮ್ಮ ಹೊಣೆ ತೀರುವುದಿಲ್ಲ. ಸವಾರನ ಎಚ್ಚರ ಬೇಕೇಬೇಕು. ಆದರೆ ಪಕ್ಕದಲ್ಲಿ ಹಾಯುವ ಟಿಪ್ಪರ್ ಚಾಲಕನಿಗೆ ತಾಳ್ಮೆ ಇಲ್ಲದಿದ್ದರೆ, ಗಟಾರದ ಕಲ್ಲು ಬಾಯಿ ತೆರೆದಿದ್ದರೆ, ಆ ಎಚ್ಚರ ಎಷ್ಟು ದೂರ ಕಾಯ್ದೀತು? ಅದಕ್ಕೇ ಈ ಮಾತುಗಳನ್ನು ಸವಾರರಿಂದ ಸುರುಮಾಡಿ ನಗರಸಭೆಯ ಬಾಗಿಲವರೆಗೂ ಒಯ್ಯುತ್ತೇನೆ.

ಸೈಕಲ್ ಏರುವ ಮೊದಲು

• ಮಕ್ಕಳೇ, ವಾರಕ್ಕೊಮ್ಮೆ ಬ್ರೇಕ್ ನೋಡಿಕೊಳ್ಳಿ. ಬ್ರೇಕ್ ರಬ್ಬರ್ ಸವೆದು ಕಬ್ಬಿಣ ರಿಮ್ಮಿಗೆ ತಾಗುತ್ತಿದ್ದರೆ ಅಂದೇ ಬದಲಿಸಿರಿ. ಮಳೆಯಲ್ಲಿ ಒದ್ದೆ ರಿಮ್ಮನ್ನು ರಬ್ಬರ್ ತಡವಾಗಿ ಹಿಡಿಯುತ್ತದೆ; ಒಣ ದಿನಕ್ಕಿಂತ ಬಹಳ ಮುಂಚೆಯೇ ಬ್ರೇಕ್ ಒತ್ತಲು ಸುರುಮಾಡಬೇಕು. ಉಸುಕು, ಸಣ್ಣ ಕಡಿ ಬಿದ್ದಲ್ಲಿ ಮುಂದಿನ ಬ್ರೇಕನ್ನು ಒಮ್ಮೆಲೇ ಹಿಡಿಯಬೇಡಿ, ಮುಂಗಾಲಿ ಜಾರುತ್ತದೆ.

• ಹಿಂದೆ ಕೆಂಪು ರಿಫ್ಲೆಕ್ಟರ್, ಮುಂದೆ ದೀಪ, ಕೈಗೆ ಸಿಗುವಲ್ಲಿ ಬೆಲ್ಲು. ಈ ಮೂರೂ ಇಲ್ಲದ ಸೈಕಲ್ಲು ಸಂಜೆಯ ಮೇಲೆ ರಸ್ತೆಗೆ ಇಳಿಯಬಾರದು. ಡೈನಮೋ ಸಿಗುವುದಿಲ್ಲ ಎಂದು ಸುಮ್ಮನಿರಬೇಡಿ, ಬ್ಯಾಟರಿ ದೀಪ ಕಟ್ಟಿಕೊಳ್ಳಿ. ಮಡ್‌ಗಾರ್ಡಿಗೆ, ಪೆಡಲ್ಲಿಗೆ, ಹಾಲಿನ ಕ್ಯಾನಿಗೆ ಹೊಳೆಯುವ ಸ್ಟಿಕರ್ ಅಂಟಿಸಿ. ದೂರದಿಂದ ಬರುವ ಲಾರಿಯವನಿಗೆ ನೀವು ಕಾಣಬೇಕು; ದೀಪದ ದೊಡ್ಡ ಕೆಲಸ ಅದು.

• ಸೈಕಲ್ಲು ಮಗುವಿನ ಎತ್ತರಕ್ಕೆ ತಕ್ಕದ್ದಿರಲಿ. “ಹೆಂಗೂ ಬೆಳೀತಾನ” ಎಂದು ದೊಡ್ಡ ಸೈಕಲ್ ಕೊಡಿಸಿದರೆ, ಥಟ್ಟನೆ ನಿಲ್ಲಬೇಕಾದಾಗ ಕಾಲು ನೆಲಕ್ಕೆ ಮುಟ್ಟುವುದಿಲ್ಲ. ಸೀಟಿನ ಮೇಲೆ ಕೂತು ಎರಡೂ ಪಾದದ ಬೆರಳು ನೆಲಕ್ಕೆ ತಾಗಬೇಕು.

• ವೇಲ್, ಲುಂಗಿ, ಜೋತಾಡುವ ಬ್ಯಾಗಿನ ಪಟ್ಟಿ ಚಕ್ರಕ್ಕೋ ಚೈನಿಗೋ ಸಿಕ್ಕರೆ ಸೈಕಲ್ಲು ಒಮ್ಮೆಲೇ ನಿಲ್ಲುತ್ತದೆ, ಸವಾರ ಮುಂದೆ ಬೀಳುತ್ತಾನೆ. ವೇಲ್ ಸೊಂಟಕ್ಕೆ ಕಟ್ಟಿಕೊಳ್ಳಿ, ಚೈನ್ ಕವರ್ ಕಿತ್ತಿದ್ದರೆ ಹಾಕಿಸಿ. ಚೀಲ ಹ್ಯಾಂಡಲ್ಲಿಗೆ ಬೇಡ, ಕ್ಯಾರಿಯರ್‌ಗೆ ಬಿಗಿದು ಕಟ್ಟಿ.

• ಸೈಕಲ್ ಸವಾರರಿಗೆ ಹೆಲ್ಮೆಟ್ ಕಾನೂನಿನಲ್ಲಿ ಕಡ್ಡಾಯವಿಲ್ಲ. ಆದರೂ ಹೆದ್ದಾರಿ ಬದಿಯಲ್ಲಿ ಓಡಾಡುವವರು, ಚಿಕ್ಕ ಮಕ್ಕಳು ಹಾಕಿಕೊಳ್ಳುವುದು ಚೊಲೋ. ಗಲ್ಲದ ಕೆಳಗೆ ಪಟ್ಟಿ ಬಿಗಿಯದ ಹೆಲ್ಮೆಟ್ ತಲೆ ಕಾಯುವುದಿಲ್ಲ.

ರಸ್ತೆಯ ಮೇಲೆ

• ಎಡಕ್ಕೆ ಹೋಗಿ, ಆದರೆ ಡಾಂಬರಿನ ತೀರ ಅಂಚಿಗೆ ಹೋಗಬೇಡಿ. ನಮ್ಮ ಎರೆಮಣ್ಣಿನ ಸೀಮೆಯಲ್ಲಿ ಡಾಂಬರಿನ ಅಂಚು ಕಿತ್ತು ಗೇಣುದ್ದದ ಇಳಿಜಾರು ಬಿದ್ದಿರುತ್ತದೆ. ಅಂಚಿನಿಂದ ಒಂದು ಮಾರಿನಷ್ಟು ಒಳಗಿದ್ದರೆ ತಗ್ಗು ತಪ್ಪಿಸಲು ಜಾಗ ಉಳಿಯುತ್ತದೆ. ಗಾಲಿ ಮಣ್ಣಿಗೆ ಇಳಿದರೆ ಹ್ಯಾಂಡಲ್ ಜಗ್ಗಿ ಮೇಲೆ ಹತ್ತಿಸಲು ಹೋಗಬೇಡಿ. ನಿಧಾನ ಮಾಡಿ, ಇಳಿದು, ತಳ್ಳಿಕೊಂಡು ಮೇಲೆ ಬನ್ನಿ.

• ಮಳೆಗಾಲದಲ್ಲಿ ಎರೆಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿ ಚಕ್ರವನ್ನೇ ಹಿಡಿದುಬಿಡುತ್ತದೆ. ಹೊಲದ ದಾರಿಯಿಂದ ಡಾಂಬರಿಗೆ ಬಂದ ಕೂಡಲೇ ಕಡ್ಡಿಯಿಂದ ಮಣ್ಣು ತೆಗೆದು ಮುಂದೆ ಹೋಗಿ. ಆಷಾಢದಲ್ಲಿ ಬಯಲಿನ ಗಾಳಿ ಅಡ್ಡ ಬಡಿಯುತ್ತದೆ. ಬಸ್ಸು ಲಾರಿ ಪಕ್ಕಕ್ಕೆ ಬಂದಾಗ ಗಾಳಿ ತಡೆದು, ಅದು ದಾಟಿದೊಡನೆ ಮತ್ತೆ ನೂಕುತ್ತದೆ. ಆ ಗಳಿಗೆಗೆ ಹ್ಯಾಂಡಲ್ ಗಟ್ಟಿ ಹಿಡಿದಿರಬೇಕು.

• ನಿಂತ ಕಾರುಗಳ ಸಾಲಿನ ಪಕ್ಕ ಹೋಗುವಾಗ ಒಂದು ಬಾಗಿಲು ತೆರೆಯುವಷ್ಟು ಜಾಗ ಬಿಡಿ. ಸಾಲಿನ ನಡುವೆ ಒಳಹೊಕ್ಕು ಹೊರಬೀಳುತ್ತಾ ಹೋದರೆ ಹಿಂದಿನವರಿಗೆ ನೀವು ಎಲ್ಲಿದ್ದೀರಿ ಎಂದೇ ತಿಳಿಯದು. ನೇರ ಹೋಗಿ.

• ತಿರುಗುವ ಮೊದಲು ಹಿಂದೆ ನೋಡಿ, ಕೈ ಚಾಚಿ, ಆಮೇಲೆ ತಿರುಗಿ. ಪಿ.ಬಿ. ರಸ್ತೆಯಂಥ ದೊಡ್ಡ ದಾರಿಯಲ್ಲಿ ಬಲಕ್ಕೆ ಹೋಗಬೇಕಿದ್ದರೆ ಎಡಬದಿಗೆ ನಿಂತು, ಇಳಿದು, ನಡೆಯುವವರಂತೆ ದಾಟಿ. ಎರಡು ನಿಮಿಷ ಹೋದರೆ ಹೋಗಲಿ.

• ಉಸುಕಿನ ಟಿಪ್ಪರ್, ಕಬ್ಬಿನ ಡಬಲ್ ಟ್ರೇಲರ್, ಬಸ್ಸು ಎಡಕ್ಕೆ ತಿರುಗಲು ನಿಂತಾಗ ಅದರ ಎಡಪಕ್ಕಕ್ಕೆ ಎಂದೂ ನುಗ್ಗಬೇಡಿ. ಮುಂಗಾಲಿ ದಾಟಿಹೋದರೂ ಹಿಂಗಾಲಿ ಇನ್ನೂ ಒಳಗೆ ಕತ್ತರಿಸಿಕೊಂಡು ಬರುತ್ತದೆ. ಅದರ ಕನ್ನಡಿಯಲ್ಲಿ ಚಾಲಕನ ಮುಖ ನಿಮಗೆ ಕಾಣದಿದ್ದರೆ ಅವನಿಗೂ ನೀವು ಕಾಣುತ್ತಿಲ್ಲ. ಓಡುವ ಟ್ರೇಲರ್ ಹಿಡಿದುಕೊಂಡು ಹೋಗುವುದು, ಕಬ್ಬು ಜಗ್ಗುವುದು ಜೀವದ ಜೊತೆ ಆಡುವ ಆಟ. ಅದನ್ನು ಕಂಡ ದೊಡ್ಡವರು ಅಲ್ಲೇ ನಿಲ್ಲಿಸಿ ಬುದ್ಧಿ ಹೇಳಿ.

• ರಾಷ್ಟ್ರೀಯ ಹೆದ್ದಾರಿ 48ರ ಮುಖ್ಯ ದಾರಿಗೆ ಸೈಕಲ್ ಇಳಿಸಬೇಡಿ. ಸರ್ವಿಸ್ ರಸ್ತೆ ಹಿಡಿದು ಕೆಳಸೇತುವೆಯಲ್ಲಿ ದಾಟಿ. ಸುತ್ತಾಗುತ್ತದೆ ಎಂದು ಎದುರು ದಿಕ್ಕಿನಲ್ಲಿ ಹೋಗುವವರನ್ನು ಮೋಟೆಬೆನ್ನೂರಿನಂಥ ಹೆದ್ದಾರಿ ಊರುಗಳಲ್ಲಿ ದಿನಾ ನೋಡುತ್ತೇವೆ. ಎದುರಿಂದ ಬರುವವನ ವೇಗವೂ ನಿಮ್ಮ ವೇಗವೂ ಕೂಡಿ ಹೊಡೆಯುತ್ತವೆ.

• ಹೆದ್ದಾರಿ ಅಂಚಿನಲ್ಲಿ ನಿಂತ ಲಾರಿಗೆ ಅಂಜಿ ನಡೆಯಿರಿ. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಕ್ರಾಸ್ ಹತ್ತಿರ, ಸವದತ್ತಿ ಯಲ್ಲಮ್ಮನ ದರ್ಶನ ಮುಗಿಸಿ ಮರಳುತ್ತಿದ್ದವರ ಟೆಂಪೋ ಟ್ರಾವೆಲರ್ ನಿಂತ ಲಾರಿಗೆ ಬಡಿದು 13 ಮಂದಿ ಸತ್ತರು. ಕತ್ತಲಲ್ಲಿ ನಿಂತ ಗಾಡಿ ದೀಪವಿದ್ದ ವಾಹನಕ್ಕೇ ಅಷ್ಟು ಕೇಡು ಮಾಡಿತು. ಅಂಥ ಗಾಡಿಯನ್ನು ಸುತ್ತುಹಾಕಿ ನಡುರಸ್ತೆಗೆ ಬರಬೇಕಾದ ಸೈಕಲ್ ಸವಾರ ಮೊದಲು ನಿಂತು ಹಿಂದೆ ನೋಡಲೇಬೇಕು.

• ಸುಗ್ಗಿಯಲ್ಲಿ ರಸ್ತೆ ಅರ್ಧ ಕಣವಾಗಿರುತ್ತದೆ. ಗೋವಿನಜೋಳದ ಕಾಳಿನ ಮೇಲೆ ಗಾಲಿ ಜಾರುತ್ತದೆ, ಅದರ ಸುತ್ತ ಇಟ್ಟ ಕಲ್ಲು ಕತ್ತಲಲ್ಲಿ ಕಾಣುವುದಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಟೆಂಡರಿನ ದಿನಗಳಲ್ಲಿ ಲಾರಿ, ಟ್ರ್ಯಾಕ್ಟರ್ ಸಾಲು ಹತ್ತಿ, ಘಾಟಿಗೆ ಕಣ್ಣಲ್ಲಿ ನೀರು ಬರುತ್ತದೆ. ಆ ದಿನ ಮಾರುಕಟ್ಟೆಯ ದಾರಿ ಬಿಟ್ಟು ಒಳ ಓಣಿ ಹಿಡಿಯಿರಿ.

• ಕಿವಿಗೆ ಇಯರ್‌ಫೋನ್ ಬೇಡ. ಸೈಕಲ್ ಸವಾರನಿಗೆ ಹಿಂದಿನ ಸುದ್ದಿ ತರುವುದು ಕಿವಿಯೇ. ಮೂವರು ಸಾಲಾಗಿ ಮಾತಾಡುತ್ತ ಹೋಗುವುದು ಮೈದಾನದಲ್ಲಿ ಇರಲಿ.

ಹೆತ್ತವರಿಗೆ, ಗುರುಗಳಿಗೆ

• ಹದಿನಾಲ್ಕರ ಮಗನಿಗೆ ಸ್ಕೂಟಿ ಕೈಗೆ ಕೊಡುವ ಅಕ್ಕ-ಅಣ್ಣಂದಿರೇ, ಇದನ್ನು ಕೇಳಿ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 199ಎ ಕಲಮಿನ ಪ್ರಕಾರ, ಅಪ್ರಾಪ್ತ ವಯಸ್ಸಿನವರು ಗಾಡಿ ಓಡಿಸಿ ಅಪರಾಧವಾದರೆ ಪಾಲಕರಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಸೈಕಲ್ಲಿಗೆ ಲೈಸೆನ್ಸು ಬೇಡ, ಪೆಟ್ರೋಲು ಬೇಡ. ಕಾಲಿಗೂ ಎದೆಗೂ ಬಲ ಬರುತ್ತದೆ.

• ಸೈಕಲ್ ಕೊಡಿಸಿದ ಮೇಲೆ ಶಾಲೆಯ ದಾರಿಯನ್ನು ಮಗುವಿನ ಜೊತೆ ನೀವೇ ಹೋಗಿ ನೋಡಿ. ಎಲ್ಲಿ ಇಳಿದು ತಳ್ಳಬೇಕು, ಯಾವ ಓಣಿಯಲ್ಲಿ ಲಾರಿ ಬರುವುದಿಲ್ಲ, ಎಲ್ಲಿ ನಾಯಿ ಬೆನ್ನಟ್ಟುತ್ತವೆ ಎಂಬುದನ್ನು ಕೂಡಿಯೇ ಗೊತ್ತುಮಾಡಿಕೊಳ್ಳಿ. ಹತ್ತಿರದ ದಾರಿಗಿಂತ ಶಾಂತವಾದ ದಾರಿ ಆರಿಸಿ.

• ಹೆಣ್ಣುಮಕ್ಕಳಿಗೆ ಸೈಕಲ್ ಕಲಿಸುವುದನ್ನು ಮುಂದೂಡಬೇಡಿ. ಬಸ್ಸು ತಪ್ಪಿತೆಂದು ಶಾಲೆ ಬಿಡುವ ಹುಡುಗಿಯರು ನಮ್ಮ ಸೀಮೆಯಲ್ಲಿ ಇದ್ದಾರೆ. ಎರಡು ಗಾಲಿ ಅವಳ ಕಲಿಕೆ ಉಳಿಸಬಲ್ಲವು.

• ನಮ್ಮ ರಾಜ್ಯ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಸುರುಮಾಡಿತು. ಮೊದಲು ಬಡ ಮನೆಗಳ ಹುಡುಗಿಯರಿಗೆ, ಮುಂದೆ ಹುಡುಗರಿಗೂ ಸಿಕ್ಕಿತು. ಹಳ್ಳಿಯಿಂದ ಪ್ರೌಢಶಾಲೆಗೆ ನಡೆದು ಹೋಗುತ್ತಿದ್ದ ಎಷ್ಟೋ ಮಕ್ಕಳ ಹಾದಿ ಅದು ಕಡಿಮೆ ಮಾಡಿತು. ಕೋವಿಡ್ ಕಾಲದಲ್ಲಿ ಅದು ನಿಂತುಹೋಯಿತು. ಎಸ್‌ಡಿಎಂಸಿ ಸದಸ್ಯರೇ, ಅದನ್ನು ಮರಳಿ ಕೊಡಿ ಎಂದು ಶಾಸಕರನ್ನು ಒತ್ತಾಯಿಸಿ. ಈ ಸಲ ಗಟ್ಟಿಯಾದ ಸೈಕಲ್ಲು ಬರಲಿ. ದೀಪ, ರಿಫ್ಲೆಕ್ಟರ್, ಹೆಲ್ಮೆಟ್ ಕೂಡಿಯೇ ಬರಲಿ.

• ಗುರುಗಳೇ, ಶಾಲೆ ಬಿಡುವಾಗ ಸೈಕಲ್ ಮಕ್ಕಳನ್ನು ಐದು ನಿಮಿಷ ಮೊದಲು ಕಳಿಸಿ. ಆಟೋ, ವ್ಯಾನು, ಬೈಕುಗಳ ನೂಕುನುಗ್ಗಲಿಗೆ ಅವರು ಸಿಗುವುದಿಲ್ಲ. ಒಂದೇ ಕಡೆ ಹೋಗುವ ಮಕ್ಕಳು ಗುಂಪಾಗಿ, ಒಬ್ಬರ ಹಿಂದೊಬ್ಬರು ಹೋಗಲಿ. ವರ್ಷಕ್ಕೊಮ್ಮೆ ಪಂಚರ್ ಅಂಗಡಿಯವರನ್ನು ಕರೆದು ಬ್ರೇಕ್, ಚೈನು, ಪಂಚರ್ ಕಲಿಸಿ. ಅದೂ ವಿದ್ಯೆಯೇ.

ಮೋಟಾರು, ಟ್ರ್ಯಾಕ್ಟರ್ ಓಡಿಸುವವರಿಗೆ

• ತಮ್ಮಾ, ಸೈಕಲ್ ದಾಟುವಾಗ ಒಂದು ಆಳಿನಷ್ಟು ಜಾಗ ಬಿಟ್ಟು ದಾಟು. ಜಾಗವಿಲ್ಲದಿದ್ದರೆ ಹಿಂದೆಯೇ ತುಸು ತಾಳು. ಬೆನ್ನ ಹಿಂದೆ ಒಮ್ಮೆಲೇ ಹಾರ್ನ್ ಬಾರಿಸಿದರೆ ಮಗು ಬೆಚ್ಚಿ ನಿನ್ನ ಗಾಲಿಯ ಕಡೆಗೇ ವಾಲುತ್ತದೆ.

• ಊರೊಳಗೆ ತಾಸಿಗೆ 30 ಕಿಲೋಮೀಟರ್ ದಾಟಬೇಡ. ವೇಗ ಎರಡು ಪಟ್ಟಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟಾಗುತ್ತದೆ. 30ರಲ್ಲಿ ಗಾಯವಾಗಿ ಉಳಿಯುವ ಮಗು 60ರಲ್ಲಿ ಉಳಿಯುವುದು ಕಷ್ಟ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ಸೈಕಲ್ ಸವಾರರೇ ನಾಲ್ಕೂವರೆ ಸಾವಿರಕ್ಕೂ ಹೆಚ್ಚು.

• ಟ್ರೇಲರ್ ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಇರಲಿ. ಮೈಲಾರ, ದೇವರಗುಡ್ಡದ ಜಾತ್ರೆಗೆ ರಾತ್ರಿ ಚಕ್ಕಡಿ ಕಟ್ಟುವವರೂ ನೊಗಕ್ಕೆ, ಹಿಂದಿನ ಹಲಗೆಗೆ ಹೊಳೆಯುವ ಪಟ್ಟಿ ಅಂಟಿಸಿ. ಗಾಡಿ ಕೆಟ್ಟರೆ ರಸ್ತೆಯಿಂದ ಪೂರ್ತಿ ಇಳಿಸಿ, ಇಂಡಿಕೇಟರ್ ಹಾಕಿ, ಹಿಂದೆ ದೂರದಲ್ಲಿ ಗುರುತು ಇಡಿ.

• ರೈತ ಬಂಧುಗಳೇ, ರಸ್ತೆಯಲ್ಲಿ ಕಾಳು ಒಣಹಾಕುವುದನ್ನು ಬಿಡೋಣ. ಎಪಿಎಂಸಿ ಅಂಗಳ, ಮನೆಯ ಮಾಳಿಗೆ, ತಾಡಪಾಲು ಹಾಸಿದ ಹೊಲ ನೋಡೋಣ. ಗತಿಯಿಲ್ಲದೆ ಹಾಕಿದರೂ ಸುತ್ತ ಕಲ್ಲು ಇಡಬೇಡಿ, ಕತ್ತಲಾಗುವ ಮೊದಲು ತುಂಬಿಕೊಳ್ಳಿ. ಹಳ್ಳಿಗೊಂದು ಒಕ್ಕಲು ಕಣ ಕೊಡಿ ಎಂದು ಪಂಚಾಯತಿಯನ್ನು ಕೇಳುವುದು ನಮ್ಮ ಹಕ್ಕು.

• ಬಿದ್ದವರನ್ನು ಬಿಟ್ಟು ಹೋಗಬೇಡಿ. 108ಕ್ಕೆ ಫೋನ್ ಮಾಡಿ, ಹೆದ್ದಾರಿಯಾದರೆ 1033ಕ್ಕೂ ಮಾಡಿ. ಪೊಲೀಸ್ ಠಾಣೆ ಅಲೆಯಬೇಕಾದೀತೆಂಬ ಅಂಜಿಕೆ ಬೇಡ: ನೆರವಿಗೆ ಬಂದವರನ್ನು ಕಾಯುವ ಕಾನೂನನ್ನು ಕರ್ನಾಟಕ 2016ರಲ್ಲೇ ಮಾಡಿದೆ, ಕೇಂದ್ರ ಕಾಯ್ದೆಯ 134ಎ ಕಲಮೂ ಅದನ್ನೇ ಹೇಳುತ್ತದೆ. 2025ರಲ್ಲಿ ಬಂದ ಕೇಂದ್ರ ಯೋಜನೆಯಂತೆ, ಮೋಟಾರು ವಾಹನದಿಂದ ಗಾಯಗೊಂಡವರಿಗೆ ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿ ತನಕ ನಗದಿಲ್ಲದೆ ಚಿಕಿತ್ಸೆ ಸಿಗಬೇಕು.

• ಗುದ್ದಿದ ಗಾಡಿ ಸಿಗದೇ ಹೋದರೂ ಮನೆಯವರು ಕೈಚೆಲ್ಲಬೇಡಿ. 2022ರ ಏಪ್ರಿಲ್ 1ರಿಂದ ಅಂಥ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರವಿದೆ. ಎಫ್‌ಐಆರ್, ಆಸ್ಪತ್ರೆಯ ಕಾಗದ ಜೋಪಾನ ಮಾಡಿ, ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ ಅರ್ಜಿ ಕೊಡಿ.

ನಗರಸಭೆ, ಪುರಸಭೆಯ ಸದಸ್ಯರಿಗೆ, ಎಂಜಿನಿಯರರಿಗೆ

• ನಮ್ಮ ಊರುಗಳು ಸೈಕಲ್ಲಿಗೆ ಹೇಳಿಮಾಡಿಸಿದಂತಿವೆ. ರಾಣೆಬೆನ್ನೂರು 2011ಕ್ಕೇ ಲಕ್ಷ ಜನ ದಾಟಿದ ಊರಾದರೂ ಒಂದು ತುದಿಯಿಂದ ಇನ್ನೊಂದಕ್ಕೆ ಸೈಕಲ್ ಮೇಲೆ ಅರ್ಧ ತಾಸಿನೊಳಗೆ ಮುಟ್ಟಬಹುದು. ಹಾವೇರಿ, ಬ್ಯಾಡಗಿ ಅದಕ್ಕಿಂತ ಚಿಕ್ಕವು, ನೆಲವೂ ಬಹುಮಟ್ಟಿಗೆ ಸಮ. ದೊಡ್ಡ ನಗರಗಳು ಕೋಟಿ ಸುರಿದು ಮಾಡುವುದನ್ನು ನೀವು ಸುಣ್ಣ-ಬಣ್ಣ, ಕಲ್ಲು, ದೀಪದ ಖರ್ಚಿನಲ್ಲಿ ಸುರುಮಾಡಬಹುದು.

• ಮೊದಲು ಗಟಾರ ನೋಡಿ. ಜಾಲರಿಯ ಸರಳು ರಸ್ತೆಯ ಉದ್ದಕ್ಕೆ ಇದ್ದರೆ ಸೈಕಲ್ ಗಾಲಿ ಅದರಲ್ಲಿ ಇಳಿಯುತ್ತದೆ, ಅಡ್ಡಕ್ಕೆ ಇರಬೇಕು. ಒಡೆದ ಮುಚ್ಚಳ ಮಳೆಗಾಲಕ್ಕೆ ಮೊದಲೇ ಬದಲಾಗಲಿ. ಒಳಚರಂಡಿಗೆ, ನೀರಿನ ಪೈಪಿಗೆ ಅಗೆದ ಗುಂಡಿಯನ್ನು ರಸ್ತೆಯ ಮಟ್ಟಕ್ಕೆ ಮುಚ್ಚಿಸಿದ ಮೇಲೆಯೇ ಬಿಲ್ಲಿಗೆ ಸಹಿ ಹಾಕಿ.

• ಹಂಪನ್ನು ಅಳತೆಯಲ್ಲಿ ಹಾಕಿ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದಂತೆ ದುಂಡು ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು, ಬಣ್ಣ ಬಳಿದು ಮುಂಚೆಯೇ ಫಲಕ ನಿಲ್ಲಿಸಬೇಕು. ರಾತ್ರೋರಾತ್ರಿ ಹಾಕಿದ ಗೋಡೆಯಂಥ ಹಂಪು ಸೈಕಲ್ಲಿನವರನ್ನೂ ಗರ್ಭಿಣಿಯರನ್ನೂ ಬೀಳಿಸುತ್ತದೆ.

• ಶಾಲೆ-ಕಾಲೇಜುಗಳ ಎದುರು 30 ಕಿಲೋಮೀಟರ್ ಮಿತಿ ಹಾಕಿ, ಶಾಲೆ ಸೇರುವ ಮತ್ತು ಬಿಡುವ ಹೊತ್ತಿಗೆ ಲಾರಿ, ಟಿಪ್ಪರ್ ಊರೊಳಗೆ ಬರದಂತೆ ಪೊಲೀಸರ ಜೊತೆ ಮಾತಾಡಿ ಗೊತ್ತುಮಾಡಿ. ಖರ್ಚು ಕಡಿಮೆ, ಫಲ ದೊಡ್ಡದು.

• ಅಗಲವಿರುವ ರಸ್ತೆಯಲ್ಲಿ ಸೈಕಲ್ ಪಥ ಬಿಡಿ, ಆದರೆ ಬಣ್ಣದ ಗೆರೆಯೊಂದನ್ನೇ ನಂಬಬೇಡಿ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಹಾಕಿದ ಸೈಕಲ್ ಪಥ, ನುಗ್ಗುವ ಬೈಕು, ನಿಲ್ಲುವ ಗಾಡಿ, ಮೆಟ್ರೋ ಕಾಮಗಾರಿಗಳ ನಡುವೆ ಬಾಳಲಿಲ್ಲ. ಗೆರೆಗೆ ಕಲ್ಲಿನ ಅಂಚು ಬೇಕು, ದಂಡ ಹಾಕುವ ಪೊಲೀಸರು ಬೇಕು, ಗುಡಿಸುವವರೂ ಬೇಕು. ಹುಬ್ಬಳ್ಳಿಯವರು ಉಣಕಲ್ ನಾಲೆಯ ದಂಡೆಗುಂಟ ಸೈಕಲ್ ದಾರಿ ಕಟ್ಟಲು ಹೊರಟಿದ್ದನ್ನು ಹೋಗಿ ನೋಡಿ. ನಮ್ಮಲ್ಲೂ ಕೆರೆಯ ಏರಿ, ನಾಲೆಯ ದಂಡೆ ಇವೆ. ಅವು ಲಾರಿ ಹಾಯದ ದಾರಿಗಳು.

• ಬಸ್ ನಿಲ್ದಾಣ, ರೈಲು ನಿಲ್ದಾಣ, ಸಂತೆ ಮೈದಾನ, ಆಸ್ಪತ್ರೆಯಲ್ಲಿ ನೆರಳಿರುವ ಸೈಕಲ್ ಸ್ಟ್ಯಾಂಡ್ ಮಾಡಿ, ಚೈನು ಬಿಗಿಯಲು ಕಬ್ಬಿಣದ ಕಂಬಿ ನೆಡಿ. ಬಾಡಿಗೆ ಸೈಕಲ್ಲಿನ ಮಾತು ಅದರ ಮುಂದಿನದು. ಮೈಸೂರು 2017ರ ಜೂನ್‌ನಲ್ಲಿ 450 ಸೈಕಲ್ಲು, 48 ನಿಲ್ದಾಣಗಳ ‘ಟ್ರಿಣ್ ಟ್ರಿಣ್’ ಸುರುಮಾಡಿತು. ಚಿಕ್ಕ ಊರಿಗೆ ಮೊದಲು ಬೇಕಾದದ್ದು ಸ್ವಂತ ಸೈಕಲ್ಲನ್ನು ನಂಬಿ ಬಿಟ್ಟುಹೋಗುವ ಜಾಗ.

• ಹೆದ್ದಾರಿಯ ಕೆಳಸೇತುವೆಗಳಲ್ಲಿ ದೀಪ ಹಾಕಿಸಿ, ಮಳೆನೀರು ನಿಲ್ಲದಂತೆ ಮಾಡಿಸಿ. ಕತ್ತಲೆ, ಕೆಸರು ತುಂಬಿದ ಕೆಳಸೇತುವೆ ಬಿಟ್ಟು ಮಂದಿ ಮೇಲಿಂದಲೇ ದಾಟುತ್ತಾರೆ.

• ಎಂಜಿನಿಯರ್ ಸಾಹೇಬರೇ, ಗುತ್ತಿಗೆದಾರರೇ, ಹೊಣೆ ನಿಮಗೂ ಇದೆ. ರಸ್ತೆಯನ್ನು ಗೊತ್ತುಪಡಿಸಿದ ಸುರಕ್ಷತಾ ಮಟ್ಟದಲ್ಲಿ ಕಟ್ಟದೆ ಅದರಿಂದ ಸಾವು ಅಥವಾ ಅಂಗವೈಕಲ್ಯ ಆದರೆ ಮೋಟಾರು ವಾಹನ ಕಾಯ್ದೆಯ 198ಎ ಕಲಮು 1 ಲಕ್ಷ ರೂಪಾಯಿವರೆಗೆ ದಂಡ ಹೇಳುತ್ತದೆ.

ಊರಿನವರು ಕೇಳುವ ಬಗೆ

• ಬಿದ್ದ ಜಾಗ, ಬೀಳುವುದು ಸ್ವಲ್ಪದರಲ್ಲಿ ತಪ್ಪಿದ ಜಾಗ ಎರಡನ್ನೂ ಬರೆದಿಡಿ. ಓಣಿಯ ಹೆಸರು, ಹೊತ್ತು, ಕಾರಣ, ಒಂದು ಫೋಟೋ ಸಾಕು. ಹೈಸ್ಕೂಲ್ ಮಕ್ಕಳು ಒಂದು ತಿಂಗಳಲ್ಲಿ ಊರಿನ ನಕಾಶೆಯ ಮೇಲೆ ಇದನ್ನೆಲ್ಲ ಗುರುತಿಸಿ ಕೊಡಬಲ್ಲರು.

• ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ. ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಕೇಳಿ.

• ಒಬ್ಬರೇ ಹೋಗಬೇಡಿ. ಹಾಲಿನವರು, ಹಮಾಲರು, ಪಾಲಕರು, ವೈದ್ಯರು, ಪಂಚರ್ ಅಂಗಡಿಯವರು ಕೂಡಿ ಹೋಗಿ. ಇಂದು ಸೈಕಲ್ಲಿನ ನಾಡೆಂದು ಹೆಸರಾದ ನೆದರ್‌ಲೆಂಡ್ಸಿನಲ್ಲಿ 1971ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಂದಿ ರಸ್ತೆಯಲ್ಲಿ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳಿದ್ದರು. ಅಲ್ಲಿಯ ತಂದೆ-ತಾಯಿಗಳು ಮಕ್ಕಳ ಕೊಲೆ ನಿಲ್ಲಿಸಿ ಎಂದು ಬೀದಿಗೆ ಇಳಿದರು, ವರ್ಷಗಟ್ಟಲೆ ಬೆನ್ನು ಹತ್ತಿದರು. ಅಲ್ಲಿಯ ಸೈಕಲ್ ದಾರಿಗಳ ಹಿಂದೆ ಆ ಹಟ ಇದೆ.

• 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ, ರಸ್ತೆಯ ಜಾಗವನ್ನು ವಾಹನಗಳ ಬದಲು ಜನರನ್ನು ಎಣಿಸಿ ಹಂಚಿ ಎಂದು ಹೇಳಿದೆ. ಸಭೆಯಲ್ಲಿ ಯಾರಾದರೂ “ಸೈಕಲ್ಲಿಗೇಕೆ ಜಾಗ” ಅಂದರೆ ಈ ಮಾತನ್ನು ಗಟ್ಟಿಯಾಗಿ ಹೇಳಿ.

• ಬಜೆಟ್ಟಿನ ಮುಂಚೆ ನಗರಸಭೆ, ಪುರಸಭೆಗಳು ಸಾರ್ವಜನಿಕರ ಸಲಹಾ ಸಭೆ ಕರೆಯುತ್ತವೆ. ಅಲ್ಲಿ ಖಾಲಿ ಕುರ್ಚಿಗಳೇ ಹೆಚ್ಚು. ಈ ಸಲ ಹೋಗಿ ಕೂರಿ, ಹತ್ತು ಬೇಡಿಕೆ ಇಡದೆ ಮೂರೇ ಕೇಳಿ: ಗಟಾರದ ಜಾಲರಿ ಸರಿಮಾಡಿಸಿ, ಶಾಲೆಗಳ ಎದುರು 30ರ ಮಿತಿ ಹಾಕಿ, ಬಸ್ ನಿಲ್ದಾಣದಲ್ಲಿ ಸೈಕಲ್ ಸ್ಟ್ಯಾಂಡ್ ಮಾಡಿ. ಮೂರೂ ಒಂದು ವರ್ಷದಲ್ಲಿ ಆಗುವಂಥವು. ಆಗದಿದ್ದರೆ ಬರುವ ವರ್ಷ ಇನ್ನೂ ಹೆಚ್ಚು ಮಂದಿ ಕೂಡಿ ಹೋಗಿ, ಅದೇ ಮೂರನ್ನು ಕೇಳಿ.